ಹಬ್ಬ ಮಾಡಲಾಗದ ತಾರೀಖು

9/11 ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ನ್ಯೂಯಾರ್ಕಿನ ಎರಡು ಗೋಪುರ, ಬಂದು ಅಪ್ಪಳಿಸಿದ ವಿಮಾನ, ಹೊಗೆ, ಧೂಳು. ಅದು ಸೆಪ್ಟೆಂಬರ್ 11. ಅಮೆರಿಕದವರು ತಾರೀಖು ಬರೆಯುವಾಗ ತಿಂಗಳನ್ನು ಮೊದಲು ಹಾಕ್ತಾರೆ, ಹಾಗಾಗಿ 9/11. ನಾವು ಹಾಗೆ ಬರೆಯೋದಿಲ್ಲ. ನಮಗೆ ದಿನ ಮೊದಲು, ತಿಂಗಳು ಆಮೇಲೆ. ನಮ್ಮ ಲೆಕ್ಕದಲ್ಲಿ 9/11 ಅಂದರೆ ನವೆಂಬರ್ 9. ಜರ್ಮನಿಯವರೂ ನಮ್ಮ ಹಾಗೇ ಬರೀತಾರೆ. ಆ ದೇಶದ ಜನಕ್ಕೆ ಈ ನವೆಂಬರ್ 9 ಇದೆಯಲ್ಲ, ಅದು ಬರೀ ಒಂದು ತಾರೀಖಲ್ಲ. ಅವರು ಅದಕ್ಕೆ ಇಟ್ಟಿರುವ ಹೆಸರೇ 'ವಿಧಿಯ ದಿನ'.

ಯಾಕೆ ಅಂತೀರಾ? 1918ರ ನವೆಂಬರ್ 9ಕ್ಕೆ ಅಲ್ಲಿ ರಾಜನ ಆಳ್ವಿಕೆ ಮುಗಿದು ಗಣರಾಜ್ಯ ಹುಟ್ಟಿತು. 1923ರ ನವೆಂಬರ್ 9ಕ್ಕೆ ಹಿಟ್ಲರ್ ಮೊದಲ ಸಲ ಅಧಿಕಾರ ಕಿತ್ತುಕೊಳ್ಳಲು ಹೋಗಿ ಮುಗ್ಗರಿಸಿದ. 1938ರ ನವೆಂಬರ್ 9ರ ರಾತ್ರಿ ದೇಶದ ತುಂಬ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. 1989ರ ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆ ತೆರೆಯಿತು. ಒಂದೇ ದೇಶ, ಒಂದೇ ತಾರೀಖು, ನಾಲ್ಕು ಮಹಾ ಘಟನೆ.

ನಮ್ಮ ಸುದ್ದಿಮನೆಗಳಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಪಟ್ಟಿ ಮಾಡೋ ಅಭ್ಯಾಸ ಇದೆ. ಇಂಥವರು ಹುಟ್ಟಿದರು, ಇಂಥ ಯುದ್ಧ ನಡೆಯಿತು, ಇಂಥ ಸೇತುವೆ ಉದ್ಘಾಟನೆ ಆಯ್ತು. ಪರದೆಯ ಕೆಳಗೆ ಹರಿದು ಹೋಗುತ್ತೆ, ನೀವು ಓದ್ತೀರಿ, ಮರೀತೀರಿ. ಆ ಪಟ್ಟಿ ಒಂದು ಮುಖ್ಯವಾದ ವಿಷಯ ಹೇಳೋದೇ ಇಲ್ಲ. ಈ ಘಟನೆಗಳು ಒಂದೇ ದಿನ ಆಗಿದ್ದು ಕಾಕತಾಳೀಯವೋ, ಅಥವಾ ಯಾರೋ ಬೇಕಂತಲೇ ಆ ದಿನ ಆರಿಸಿಕೊಂಡರೋ?

ಎರಡೂ ಬೇರೆ ಬೇರೆ ಸ್ವಾಮಿ. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿದ್ದು 1933ರ ಜನವರಿ 30ಕ್ಕೆ. ಗಾಂಧೀಜಿಯವರ ಹತ್ಯೆ ಆಗಿದ್ದು 1948ರ ಜನವರಿ 30ಕ್ಕೆ. ಈ ಎರಡರ ನಡುವೆ ಕ್ಯಾಲೆಂಡರ್ ಬಿಟ್ಟರೆ ಬೇರೆ ಸಂಬಂಧ ಇಲ್ಲ. ಆದರೆ ಜನವರಿ 26 ನೋಡಿ. 1930ರಲ್ಲಿ ಆ ದಿನ ದೇಶದಾದ್ಯಂತ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ತೆಗೆದುಕೊಂಡರು. ಸಂವಿಧಾನ ಅಂಗೀಕಾರ ಆಗಿದ್ದು 1949ರ ನವೆಂಬರ್ 26ಕ್ಕಾದರೂ, ಅದು ಪೂರ್ತಿಯಾಗಿ ಜಾರಿಯಾಗಲು ಎರಡು ತಿಂಗಳು ಕಾದು ಜನವರಿ 26ನ್ನೇ ಇಟ್ಟುಕೊಂಡರು. ಅದು ಕಾಕತಾಳೀಯ ಅಲ್ಲ, ಆಯ್ಕೆ.

ಜರ್ಮನಿಯ ನವೆಂಬರ್ 9 ಯಾವ ಜಾತಿಗೆ ಸೇರಿದ್ದು? ವಿಧಿಯಾ, ಆಯ್ಕೆಯಾ? ಒಂದೊಂದೇ ನೋಡ್ತಾ ಹೋಗೋಣ.

ಮೊದಲನೆಯದು 1918. ಮೊದಲ ಮಹಾಯುದ್ಧ ನಾಲ್ಕು ವರ್ಷ ದಾಟಿದೆ. ಜರ್ಮನಿ ಸೋತಿದೆ, ಅದು ಸೇನಾಧಿಕಾರಿಗಳಿಗೂ ಗೊತ್ತು. ಜನಕ್ಕೆ ಹೊಟ್ಟೆಗಿಲ್ಲ. ಆ ಹೊತ್ತಿನಲ್ಲಿ ನೌಕಾಪಡೆಗೆ ಕೊನೆಯದಾಗಿ ಒಂದು ಕಾದಾಟಕ್ಕೆ ಹೊರಡಿ ಅಂತ ಅಪ್ಪಣೆ ಆಗುತ್ತೆ. ನಾವಿಕರು ಒಪ್ಪಲಿಲ್ಲ. ಸೋತ ಯುದ್ಧದಲ್ಲಿ ಮರ್ಯಾದೆ ಉಳಿಸೋದಕ್ಕೆ ನಾವ್ಯಾಕೆ ಸಾಯಬೇಕು ಅನ್ನೋದು ಅವರ ಪ್ರಶ್ನೆ. ಕೀಲ್ ಬಂದರಿನಲ್ಲಿ ದಂಗೆ ಎದ್ದಿತು. ಒಂದೇ ವಾರದಲ್ಲಿ ಅದು ಊರಿಂದೂರಿಗೆ ಹಬ್ಬಿ, ನವೆಂಬರ್ 9ರ ಬೆಳಗ್ಗೆ ಬರ್ಲಿನ್ನಿನ ಕಾರ್ಖಾನೆ ಕೆಲಸಗಾರರು ಬೀದಿಗಿಳಿದರು.

ಚಕ್ರವರ್ತಿ, ಅಂದರೆ ಕೈಸರ್ ಎರಡನೇ ವಿಲ್ಹೆಲ್ಮ್, ಆಗ ಬೆಲ್ಜಿಯಂನ ಸ್ಪಾ ಎಂಬ ಊರಿನ ಸೇನಾ ನೆಲೆಯಲ್ಲಿದ್ದ. ಸಿಂಹಾಸನ ಬಿಡ್ತೀರೋ ಇಲ್ಲವೋ ಅಂದರೆ ಬಾಯೇ ಬಿಡಲಿಲ್ಲ. ಕೊನೆಗೆ ಚಾನ್ಸಲರ್ ಮ್ಯಾಕ್ಸ್ ಫಾನ್ ಬಾಡೆನ್ ಒಂದು ಕೆಲಸ ಮಾಡಿದ. ಕೈಸರ್ ಒಪ್ಪಿಗೆಗೆ ಕಾಯದೆ 'ಕೈಸರ್ ಪದತ್ಯಾಗ ಮಾಡಿದ್ದಾರೆ' ಅಂತ ತಾನೇ ಪ್ರಕಟಿಸಿಬಿಟ್ಟ. ತನ್ನ ಪದತ್ಯಾಗದ ಸುದ್ದಿ ಕೈಸರನಿಗೆ ಆಮೇಲೆ ತಿಳಿಯಿತು!

ಮಧ್ಯಾಹ್ನ ಎರಡರ ಸುಮಾರಿಗೆ ಸಂಸತ್ ಭವನದ ಮುಂದೆ ಜನಸಾಗರ. ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕ ಫಿಲಿಪ್ ಶೈಡೆಮಾನ್ ಒಳಗೆ ಊಟಕ್ಕೆ ಕೂತಿದ್ದ. ಎದುರಾಳಿ ಎಡಪಂಥೀಯ ಬಣದ ಕಾರ್ಲ್ ಲೀಬ್‌ಕ್ನೆಕ್ಟ್ ಸಮಾಜವಾದಿ ಗಣರಾಜ್ಯ ಘೋಷಿಸಲು ಹೊರಟಿದ್ದಾನೆ ಅಂತ ಸುದ್ದಿ ಬಂತು. ಶೈಡೆಮಾನ್ ಊಟ ಅಲ್ಲಿಗೇ ಬಿಟ್ಟು ಎದ್ದು, ಕಿಟಕಿಗೆ ಬಂದು, ರಾಜಸತ್ತೆ ಮುಗಿಯಿತು, ಗಣರಾಜ್ಯ ಬಂತು ಅಂತ ಕೂಗಿಬಿಟ್ಟ. ಅವನದೇ ಪಕ್ಷದ ಮುಖ್ಯಸ್ಥ ಫ್ರೀಡ್ರಿಕ್ ಎಬರ್ಟ್ ಕೆಂಡಾಮಂಡಲ ಆದ. ಇದನ್ನು ಹೇಳೋಕೆ ನಿನಗೆ ಅಧಿಕಾರ ಕೊಟ್ಟವರು ಯಾರು ಅಂತ. ಸಂಜೆ ನಾಲ್ಕರ ಹೊತ್ತಿಗೆ ಲೀಬ್‌ಕ್ನೆಕ್ಟ್ ಅರಮನೆಯ ಬಳಿ ತನ್ನ ಗಣರಾಜ್ಯವನ್ನೂ ಘೋಷಿಸಿದ. ಒಂದೇ ದಿನ, ಒಂದೇ ಊರಲ್ಲಿ ಎರಡು ಗಣರಾಜ್ಯ. ಉಳಿದದ್ದು ಮೊದಲನೆಯದು. ಮರುದಿನ ಕೈಸರ್ ನೆದರ್‌ಲ್ಯಾಂಡ್ಸ್‌ಗೆ ಓಡಿಹೋದ. ನವೆಂಬರ್ 11ಕ್ಕೆ ಯುದ್ಧ ನಿಂತಿತು.

ಇಲ್ಲೊಂದು ವಿಷ ಬೀಜ ಬಿತ್ತು, ಗಮನಿಸಿ. ಯುದ್ಧ ಸೋತಿದ್ದು ಸೇನೆ. ಶಾಂತಿ ಒಪ್ಪಂದಕ್ಕೆ ಸಹಿ ಹಾಕಬೇಕಾಗಿ ಬಂದಿದ್ದು ಹೊಸ ಗಣರಾಜ್ಯದ ನಾಗರಿಕ ನಾಯಕರು. ಆಮೇಲೆ ಸೇನಾಧಿಕಾರಿಗಳೇ ಕತೆ ಕಟ್ಟಿದರು. ನಾವು ರಣರಂಗದಲ್ಲಿ ಸೋತಿಲ್ಲ, ಸಮಾಜವಾದಿಗಳು ಮತ್ತು ಯಹೂದಿಗಳು ಹಿಂದಿನಿಂದ ಬೆನ್ನಿಗೆ ಚೂರಿ ಹಾಕಿದರು ಅಂತ. ಹಸಿ ಸುಳ್ಳು. ಆದರೆ ಸೋತವರಿಗೆ ಕೇಳೋಕೆ ಹಿತವಾದ ಸುಳ್ಳು. ವಿಷಾನಿಲದಿಂದ ತಾತ್ಕಾಲಿಕವಾಗಿ ಕಣ್ಣು ಕಾಣದೆ ಪಾಸೆವಾಕ್ ಎಂಬಲ್ಲಿನ ಸೇನಾ ಆಸ್ಪತ್ರೆಯಲ್ಲಿ ಮಲಗಿದ್ದ 29 ವರ್ಷದ ಒಬ್ಬ ಸೈನಿಕ ಈ ಸುಳ್ಳನ್ನು ಪೂರ್ತಿಯಾಗಿ ನಂಬಿದ. ಗಣರಾಜ್ಯ ತಂದವರಿಗೆಲ್ಲ ಅವನ ಬಾಯಲ್ಲಿ ಒಂದೇ ಹೆಸರು: 'ನವೆಂಬರ್ ಅಪರಾಧಿಗಳು'. ಅವನೇ ಅಡಾಲ್ಫ್ ಹಿಟ್ಲರ್.

ಈಗ 1923. ಗಣರಾಜ್ಯಕ್ಕೆ ಐದು ವರ್ಷ ತುಂಬುವ ಹೊತ್ತು. ದೇಶದಲ್ಲಿ ಹಣಕ್ಕೆ ಬೆಲೆಯೇ ಇಲ್ಲ. ಆ ತಿಂಗಳು ಮುಗಿಯುವ ಮೊದಲು ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಜೀವನವಿಡೀ ಕೂಡಿಟ್ಟ ಹಣ ಒಂದು ಬ್ರೆಡ್ಡಿಗೂ ಸಾಲದು. ಇಂಥ ಹೊತ್ತಲ್ಲಿ ಜನ ಯಾರ ಮಾತು ಬೇಕಾದರೂ ಕೇಳ್ತಾರೆ.

ನವೆಂಬರ್ 8ರ ರಾತ್ರಿ ಮ್ಯೂನಿಕ್‌ನ ಬ್ಯುರ್ಗರ್‌ಬ್ರಾಯ್‌ಕೆಲ್ಲರ್ ಎಂಬ ದೊಡ್ಡ ಬಿಯರ್ ಹಾಲ್‌ನಲ್ಲಿ ಬವೇರಿಯಾದ ಆಡಳಿತಗಾರ ಗುಸ್ತಾಫ್ ಫಾನ್ ಕಾರ್ ಭಾಷಣ ಮಾಡ್ತಿದ್ದ. ಹಿಟ್ಲರ್ ತನ್ನ ಬಂದೂಕುಧಾರಿಗಳ ಜೊತೆ ನುಗ್ಗಿ, ಛಾವಣಿಗೆ ಗುಂಡು ಹಾರಿಸಿ, ಕ್ರಾಂತಿ ಶುರುವಾಯ್ತು ಅಂತ ಕೂಗಿದ. ಮರುದಿನ, ಅಂದರೆ ನವೆಂಬರ್ 9ಕ್ಕೆ, ಸುಮಾರು 2000 ಜನರನ್ನು ಕಟ್ಟಿಕೊಂಡು ಊರೊಳಗೆ ಮೆರವಣಿಗೆ ಹೊರಟ. ಫೆಲ್ಡ್‌ಹೆರ್‌ನ್‌ಹಾಲೆ ಎಂಬ ಸ್ಮಾರಕದ ಬಳಿ ಪೊಲೀಸರು ಅಡ್ಡ ನಿಂತರು, ಗುಂಡು ಹಾರಿತು. ಹಿಟ್ಲರ್ ಕಡೆ ಹದಿನಾರು ಜನ ಸತ್ತರು ಅಂತ ನಾಜಿಗಳು ಲೆಕ್ಕ ಬರೆದುಕೊಂಡರು. ಪೊಲೀಸರಲ್ಲಿ ನಾಲ್ವರು ಸತ್ತರು. ಹಿಟ್ಲರ್ ಭುಜದ ಕೀಲು ತಪ್ಪಿಸಿಕೊಂಡು ಅಲ್ಲಿಂದ ಪರಾರಿಯಾದ. ಎರಡು ದಿನಕ್ಕೆ ಸಿಕ್ಕಿಬಿದ್ದ.

ದೇಶದ್ರೋಹದ ಕೇಸು. ಶಿಕ್ಷೆ ಎಷ್ಟು ಗೊತ್ತಾ? ಐದು ವರ್ಷ. ಒಳಗಿದ್ದಿದ್ದು? ತೀರ್ಪು ಬಂದ ಮೇಲೆ ಒಂಬತ್ತು ತಿಂಗಳೂ ಇಲ್ಲ. ನ್ಯಾಯಾಧೀಶರಿಗೇ ಅವನ ಮೇಲೆ ಮರುಕ. ಜೈಲಿನಲ್ಲಿ ಆರಾಮಾಗಿ ಕೂತು ಪುಸ್ತಕ ಬರೆಯಲು ಶುರು ಮಾಡಿದ. ಸೋತ ದಂಗೆಕೋರನನ್ನು ಕಾನೂನು ಅಷ್ಟು ಮೃದುವಾಗಿ ನಡೆಸಿಕೊಂಡಿದ್ದಕ್ಕೆ ಜಗತ್ತು ಕೊಟ್ಟ ಬೆಲೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

1933ರಲ್ಲಿ ಅಧಿಕಾರ ಸಿಕ್ಕಿದ ಮೇಲೆ ಹಿಟ್ಲರ್ ಮಾಡಿದ್ದೇನು? ಆ ಸೋಲನ್ನೇ ಹಬ್ಬ ಮಾಡಿದ. ಪ್ರತಿ ವರ್ಷ ನವೆಂಬರ್ 8ರ ರಾತ್ರಿ ಅದೇ ಬಿಯರ್ ಹಾಲ್‌ನಲ್ಲಿ ಭಾಷಣ, 9ಕ್ಕೆ ಅದೇ ದಾರಿಯಲ್ಲಿ ಮೆರವಣಿಗೆ. ಸತ್ತ ಹದಿನಾರು ಜನ ಹುತಾತ್ಮರು, ರಕ್ತ ಹತ್ತಿದ ಬಾವುಟ ಪವಿತ್ರ ವಸ್ತು. ಗಣರಾಜ್ಯ ಹುಟ್ಟಿದ ದಿನವನ್ನು, ಆ ಗಣರಾಜ್ಯವನ್ನು ಕೊಲ್ಲಲು ಹೊರಟವರ ದಿನವಾಗಿ ಬದಲಾಯಿಸಿಬಿಟ್ಟ. ಹಾಗಾದರೆ ಇದು ವಿಧಿಯಾ? ಅಲ್ಲವೇ ಅಲ್ಲ.

ಮೂರನೆಯದಕ್ಕೆ ಬರೋಣ. 1938. ಅಕ್ಟೋಬರ್ ಕೊನೆಯಲ್ಲಿ ಜರ್ಮನಿ ಸರ್ಕಾರ ಪೋಲೆಂಡ್ ಮೂಲದ ಸುಮಾರು 17 ಸಾವಿರ ಯಹೂದಿಗಳನ್ನು ಮನೆಯಿಂದ ಎಬ್ಬಿಸಿ ಗಡಿಗೆ ತಂದು ಬಿಸಾಡಿತು. ಪೋಲೆಂಡ್ ಒಳಗೆ ಬಿಡಲಿಲ್ಲ. ಚಳಿಯಲ್ಲಿ, ಮಳೆಯಲ್ಲಿ, ಎರಡು ದೇಶಗಳ ನಡುವೆ ಜನ. ಅವರಲ್ಲೊಂದು ಕುಟುಂಬದ ಹದಿನೇಳು ವರ್ಷದ ಹುಡುಗ ಹೆರ್ಷೆಲ್ ಗ್ರುನ್ಸ್‌ಪಾನ್ ಪ್ಯಾರಿಸ್‌ನಲ್ಲಿದ್ದ. ಮನೆಯವರ ಗತಿ ತಿಳಿದು, ನವೆಂಬರ್ 7ಕ್ಕೆ ಜರ್ಮನ್ ರಾಯಭಾರ ಕಚೇರಿಗೆ ಹೋಗಿ ಅರ್ನ್ಸ್ಟ್ ಫಾಮ್ ರಾತ್ ಎಂಬ ಅಧಿಕಾರಿಗೆ ಗುಂಡು ಹೊಡೆದ. ಆ ಅಧಿಕಾರಿ ಪ್ರಾಣ ಬಿಟ್ಟಿದ್ದು ನವೆಂಬರ್ 9ರ ಸಂಜೆ.

ಆ ಸಂಜೆ ನಾಜಿ ಪಕ್ಷದ ನಾಯಕರೆಲ್ಲ ಎಲ್ಲಿದ್ದರು? ಮ್ಯೂನಿಕ್‌ನಲ್ಲಿ. ಯಾಕೆ? 1923ರ ವಾರ್ಷಿಕೋತ್ಸವದ ಊಟಕ್ಕೆ! ದೇಶದ ಮೂಲೆ ಮೂಲೆಯ ಪಕ್ಷದ ಮುಖ್ಯಸ್ಥರು ಒಂದೇ ಸಭಾಂಗಣದಲ್ಲಿ ಕೂತಿದ್ದಾರೆ. ಹಿಟ್ಲರ್ ಬೇಗ ಎದ್ದು ಹೋದ. ಪ್ರಚಾರ ಮಂತ್ರಿ ಗೋಬೆಲ್ಸ್ ಎದ್ದು ನಿಂತು ಭಾಷಣ ಮಾಡಿದ. ಏನು ಮಾಡಬೇಕು ಅನ್ನೋದು ಕೂತವರಿಗೆ ಅರ್ಥವಾಯ್ತು. ಎದ್ದು ಹೋಗಿ ತಂತಮ್ಮ ಊರುಗಳಿಗೆ ಫೋನ್ ಮಾಡಿದರು. ವಾರ್ಷಿಕೋತ್ಸವ ಇಲ್ಲದಿದ್ದರೆ ಅಷ್ಟು ಜನ ಒಂದೇ ಕಡೆ ಸೇರ್ತಿರಲಿಲ್ಲ, ಆದೇಶ ಅಷ್ಟು ಬೇಗ ದೇಶವಿಡೀ ಹರಡ್ತಿರಲಿಲ್ಲ.

ಆ ರಾತ್ರಿ ಮತ್ತು ಮರುದಿನ 1400ಕ್ಕೂ ಹೆಚ್ಚು ಸಿನಗಾಗ್‌ಗಳು, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳು ಮತ್ತು ಪ್ರಾರ್ಥನಾ ಕೊಠಡಿಗಳು ನಾಶವಾದವು. ಸುಮಾರು 7500 ಅಂಗಡಿಗಳನ್ನು ಒಡೆದರು. ಸುಮಾರು 30 ಸಾವಿರ ಗಂಡಸರನ್ನು ಹಿಡಿದು ಡಾಖಾವ್, ಬೂಖನ್‌ವಾಲ್ಡ್, ಸಾಕ್ಸನ್‌ಹೌಸನ್ ಶಿಬಿರಗಳಿಗೆ ತುಂಬಿದರು. ನಾಜಿಗಳೇ ಒಪ್ಪಿಕೊಂಡ ಸಾವು 91. ನಿಜವಾದ ಲೆಕ್ಕ ಅದಕ್ಕಿಂತ ಎಷ್ಟೋ ಹೆಚ್ಚು.

ಇದರಲ್ಲಿ ನನ್ನನ್ನು ಕಾಡುವ ವಿಷಯ ಬೇರೆ. ಅಗ್ನಿಶಾಮಕ ದಳ ಬಂದಿತ್ತು. ಮಂದಿರ ಉರಿಯುತ್ತಿದೆ, ನೀರಿದೆ, ಪೈಪ್ ಇದೆ. ಆದರೆ ಅವರಿಗೆ ಇದ್ದ ಆದೇಶ: ಮಂದಿರ ಉರೀಲಿ, ಪಕ್ಕದ ಕಟ್ಟಡಕ್ಕೆ ಬೆಂಕಿ ತಗುಲದ ಹಾಗೆ ನೋಡ್ಕೊಳಿ. ಅವರು ಆದೇಶ ಪಾಲಿಸಿದರು. ನೆರೆಹೊರೆಯವರು ಕಿಟಕಿಯಿಂದ ನೋಡಿದರು. ಮುಂದಿನದು ಇನ್ನೂ ವಿಚಿತ್ರ. ಆದ ನಷ್ಟಕ್ಕೆ ಯಾರು ಹೊಣೆ? ಯಹೂದಿಗಳೇ ಅಂತೆ! ಅವರ ಮೇಲೆ 100 ಕೋಟಿ ಮಾರ್ಕ್ ದಂಡ ಹಾಕಿದರು. ಅವರಿಗೆ ಬರಬೇಕಿದ್ದ ವಿಮೆ ಹಣವನ್ನು ಸರ್ಕಾರ ನುಂಗಿತು. ಒಡೆದ ಗಾಜನ್ನು ಅವರ ಕೈಯಲ್ಲೇ ಗುಡಿಸಿದರು.

ಬೀದಿ ತುಂಬ ಬಿದ್ದ ಗಾಜಿನಿಂದ ಅದಕ್ಕೆ 'ಕ್ರಿಸ್ಟಲ್‌ನಾಖ್ಟ್', ಅಂದರೆ ಸ್ಫಟಿಕದ ರಾತ್ರಿ ಅಂತ ಹೆಸರು ಬಂತು. ಇವತ್ತು ಜರ್ಮನಿಯಲ್ಲಿ ಅನೇಕರು ಆ ಹೆಸರು ಬಳಸೋದಿಲ್ಲ. ಒಡೆದಿದ್ದು ಬರೀ ಗಾಜಲ್ಲವಲ್ಲ. 'ನವೆಂಬರ್ ಪೋಗ್ರೋಮ್' ಅಂತಾರೆ. ಪೋಗ್ರೋಮ್ ಅಂದರೆ ಒಂದು ಸಮುದಾಯದ ಮೇಲೆ ಗುಂಪು ಕಟ್ಟಿಕೊಂಡು ನಡೆಸುವ ದಾಳಿ. ಹೆಸರು ಬದಲಾಯಿಸೋದೂ ಸತ್ಯ ಹೇಳುವ ಒಂದು ರೀತಿ.

ಮರುವರ್ಷ, 1939ರಲ್ಲಿ, ಗೇಯೋರ್ಗ್ ಎಲ್ಸರ್ ಎಂಬ ಒಬ್ಬ ಸಾಮಾನ್ಯ ಬಡಗಿ ಈ ವಾರ್ಷಿಕೋತ್ಸವದ ಗಡಿಯಾರದಂಥ ನಿಯಮವನ್ನೇ ಹಿಟ್ಲರ್ ವಿರುದ್ಧ ತಿರುಗಿಸಲು ನೋಡಿದ. ನವೆಂಬರ್ 8ಕ್ಕೆ ಹಿಟ್ಲರ್ ಅದೇ ಹಾಲ್‌ಗೆ ಬಂದೇ ಬರ್ತಾನೆ. ಮೂವತ್ತಕ್ಕೂ ಹೆಚ್ಚು ರಾತ್ರಿ ಆ ಹಾಲ್‌ನಲ್ಲಿ ಬಚ್ಚಿಟ್ಟುಕೊಂಡು, ವೇದಿಕೆ ಹಿಂದಿನ ಕಂಬ ಕೊರೆದು ಬಾಂಬ್ ಇಟ್ಟ. ಆ ದಿನ ಮಂಜು ಕವಿದಿತ್ತು. ವಿಮಾನ ಬಿಟ್ಟು ರೈಲು ಹಿಡಿಯಬೇಕು ಅಂತ ಹಿಟ್ಲರ್ ಭಾಷಣ ಬೇಗ ಮುಗಿಸಿ ಹೊರಟ. ಹದಿಮೂರು ನಿಮಿಷದ ಮೇಲೆ ಬಾಂಬ್ ಸಿಡಿಯಿತು. ಎಂಟು ಜನ ಸತ್ತರು, ಹಿಟ್ಲರ್ ಉಳಿದ. ಎಲ್ಸರ್‌ನನ್ನು 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಡಾಖಾವ್‌ನಲ್ಲಿ ಕೊಂದರು.

ಇನ್ನು ನಾಲ್ಕನೆಯದು, 1989. ಇದು ನಮ್ಮಂಥ ಟಿವಿಯವರು ಬಾಯಿಪಾಠ ಮಾಡಬೇಕಾದ ಕತೆ.

1961ರ ಆಗಸ್ಟ್ 13ಕ್ಕೆ ಕಮ್ಯುನಿಸ್ಟ್ ಪೂರ್ವ ಜರ್ಮನಿ ಬರ್ಲಿನ್ ನಗರದ ನಡುವೆ ಬೇಲಿ ಹಾಕಿತು, ಆಮೇಲೆ ಅದು ಗೋಡೆಯಾಯಿತು. ಗೋಡೆ ದಾಟಲು ಹೋಗಿಯೋ, ಅದರ ಕಾರಣಕ್ಕೋ ಕನಿಷ್ಠ 140 ಜನ ಸತ್ತರು. 1989ರ ಶರತ್ಕಾಲದಲ್ಲಿ ಪೂರ್ವ ಜರ್ಮನಿಯ ಜನ ಬೀದಿಗಿಳಿದಿದ್ದರು, ಸಾವಿರಾರು ಮಂದಿ ಬೇರೆ ದೇಶಗಳ ಮೂಲಕ ತಪ್ಪಿಸಿಕೊಂಡು ಹೋಗ್ತಿದ್ದರು. ಸರ್ಕಾರ ಪ್ರಯಾಣದ ನಿಯಮ ಸಡಿಲಿಸಲು ಒಂದು ಆದೇಶ ತಯಾರು ಮಾಡಿತು. ಮರುದಿನದಿಂದ ಜಾರಿ. ಅರ್ಜಿ ಹಾಕಬೇಕು, ವೀಸಾ ತಗೋಬೇಕು, ಆಮೇಲೆ ಹೋಗಬಹುದು.

ನವೆಂಬರ್ 9ರ ಸಂಜೆ ಪಕ್ಷದ ವಕ್ತಾರ ಗುಂಟರ್ ಶಾಬೋವ್ಸ್ಕಿ ಪತ್ರಿಕಾಗೋಷ್ಠಿ. ನೇರ ಪ್ರಸಾರ. ಆ ಆದೇಶದ ಚೀಟಿ ಅವನ ಕೈಗೆ ಬಂದಿದ್ದು ಗೋಷ್ಠಿಗೆ ಸ್ವಲ್ಪ ಮುಂಚೆ. ಚರ್ಚೆ ಆದಾಗ ಅವನು ಸಭೆಯಲ್ಲಿರಲಿಲ್ಲ, ಚೀಟಿಯನ್ನು ಸರಿಯಾಗಿ ಓದಿಯೂ ಇರಲಿಲ್ಲ. ಗೋಷ್ಠಿ ಮುಗಿಯೋ ಹೊತ್ತಿಗೆ, ಏಳು ಗಂಟೆಗೆ ಏಳು ನಿಮಿಷ ಇರುವಾಗ, ಪ್ರಯಾಣದ ಬಗ್ಗೆ ಪ್ರಶ್ನೆ ಬಂತು. ಅವನು ಚೀಟಿ ಓದಿದ. ಯಾವಾಗಿನಿಂದ ಜಾರಿ ಅಂತ ಕೇಳಿದರು. ಕಾಗದ ತಿರುವಿ ಹಾಕಿದ, ತಡವರಿಸಿದ. ನನಗೆ ಗೊತ್ತಿರೋ ಹಾಗೆ ತಕ್ಷಣದಿಂದ, ತಡವಿಲ್ಲದೆ, ಅಂದುಬಿಟ್ಟ.

ಅಷ್ಟೇ. ಸುದ್ದಿ ಸಂಸ್ಥೆಗಳು ಗಡಿ ತೆರೆಯಿತು ಅಂತ ಸುದ್ದಿ ಬಿಟ್ಟವು. ರಾತ್ರಿ ಎಂಟರ ವಾರ್ತೆಯಲ್ಲಿ ಅದೇ ಮೊದಲ ಸುದ್ದಿ. ಹತ್ತೂವರೆ ದಾಟಿದ ಮೇಲೆ ಪಶ್ಚಿಮ ಜರ್ಮನಿಯ ಹೆಸರಾಂತ ನಿರೂಪಕ ಹಾನ್ಸ್ ಯೋಆಖಿಮ್ ಫ್ರೀಡ್ರಿಕ್ಸ್ ಗೋಡೆಯ ದ್ವಾರಗಳು ಅಗಲವಾಗಿ ತೆರೆದಿವೆ ಅಂತ ಹೇಳಿದ. ನಿಜ ಹೇಳಬೇಕಂದರೆ ಆ ಕ್ಷಣದಲ್ಲಿ ಅವು ಹಾಗೆ ತೆರೆದಿರಲಿಲ್ಲ! ಆದರೆ ಪೂರ್ವದ ಜನ ನೋಡ್ತಿದ್ದಿದ್ದೇ ಪಶ್ಚಿಮದ ಟಿವಿ. ನೋಡಿದವರು ಕೋಟು ಹಾಕಿಕೊಂಡು ಗಡಿಗೆ ಹೊರಟರು. ಸುದ್ದಿ ಮೊದಲು ಬಂತು, ಘಟನೆ ಆಮೇಲೆ ನಡೆಯಿತು. ಒಂದು ತಪ್ಪು ಮಾತಿನಿಂದ ಅಷ್ಟು ಒಳ್ಳೆಯದಾಗಿದ್ದು ಅಪರೂಪ. ಸಾಮಾನ್ಯವಾಗಿ ಉಲ್ಟಾ ಆಗುತ್ತೆ, ಅದು ನನಗೂ ಗೊತ್ತು, ನಿಮಗೂ ಗೊತ್ತು.

ಬೋರ್ನ್‌ಹೋಮರ್ ರಸ್ತೆಯ ಗಡಿ ಠಾಣೆಯಲ್ಲಿ ಆ ರಾತ್ರಿ ಹೊಣೆ ಹೊತ್ತಿದ್ದವನು ಹರಾಲ್ಡ್ ಯೇಗರ್. ಎದುರಿಗೆ ಸಾವಿರಾರು ಜನ. ಮೇಲಿನವರಿಗೆ ಫೋನ್ ಮೇಲೆ ಫೋನ್. ಯಾರೂ ನೇರ ಉತ್ತರ ಕೊಡಲಿಲ್ಲ. ಗಲಾಟೆ ಮಾಡುವ ಒಂದಷ್ಟು ಜನರನ್ನು ಹೊರಗೆ ಬಿಡು, ಅವರ ಗುರುತು ಪತ್ರದ ಫೋಟೋ ಮೇಲೆ ಮೊಹರು ಒತ್ತು, ಆಮೇಲೆ ವಾಪಸ್ ಸೇರಿಸಬೇಡ ಅಂದರು. ಜನ ಇನ್ನೂ ಹೆಚ್ಚಾದರು. ಅವನ ಕೈಯಲ್ಲಿ ಬಂದೂಕಿತ್ತು, ಸಿಬ್ಬಂದಿ ಇದ್ದರು. ರಾತ್ರಿ ಹನ್ನೊಂದೂವರೆ ಸುಮಾರಿಗೆ ಯೇಗರ್ ಗೇಟು ತೆಗೆಸಿದ. ಒಂದು ಗುಂಡೂ ಹಾರಲಿಲ್ಲ. 1938ರಲ್ಲಿ ಆದೇಶ ಇದೆ ಅಂತ ಅಗ್ನಿಶಾಮಕದವರು ಕೈ ಕಟ್ಟಿ ನಿಂತರು. 1989ರಲ್ಲಿ ಆದೇಶ ಇಲ್ಲದಿದ್ದರೂ ಒಬ್ಬ ಅಧಿಕಾರಿ ಗೇಟು ತೆಗೆದ. ತಾರೀಖು ಒಂದೇ, ಮನುಷ್ಯರು ಬೇರೆ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಾ? 1918ರ ದ್ವೇಷ 1923ನ್ನು ಸಾಕಿತು. 1923ರ ವಾರ್ಷಿಕೋತ್ಸವ 1938ಕ್ಕೆ ವೇದಿಕೆ ಕೊಟ್ಟಿತು. ಇವು ಮೂರೂ ಒಂದೇ ಸರಪಳಿಯ ಕೊಂಡಿಗಳು. 1989 ಮಾತ್ರ ಕಾಕತಾಳೀಯ. ಶಾಬೋವ್ಸ್ಕಿ ಚೀಟಿ ಸರಿಯಾಗಿ ಓದಿದ್ದರೆ ಅದು ನವೆಂಬರ್ 10 ಆಗಿರೋದು.

ಸರಿ, ಗೋಡೆ ಬಿತ್ತು. ಎರಡೂ ಜರ್ಮನಿ ಒಂದಾಗಲು ಹೊರಟವು. ರಾಷ್ಟ್ರೀಯ ದಿನ ಯಾವುದು ಮಾಡೋದು? ಜನ ಕುಣಿದಾಡಿದ, ಜಗತ್ತೇ ಟಿವಿಯಲ್ಲಿ ನೋಡಿದ ನವೆಂಬರ್ 9ಕ್ಕಿಂತ ಒಳ್ಳೆಯ ದಿನ ಯಾವುದು? ಆ ಸಲಹೆಯೂ ಇತ್ತು. ಆದರೆ 1938 ಅಡ್ಡ ಬಂತು. ಮಂದಿರಗಳು ಉರಿದ ರಾತ್ರಿ ಪಟಾಕಿ ಹೊಡೆಯೋದು ಹೇಗೆ? ಕೊನೆಗೆ ಏಕೀಕರಣ ಕಾನೂನುಬದ್ಧವಾಗಿ ಜಾರಿಯಾದ 1990ರ ಅಕ್ಟೋಬರ್ 3ನ್ನೇ ರಾಷ್ಟ್ರೀಯ ದಿನ ಮಾಡಿಕೊಂಡರು. ಸ್ವಲ್ಪ ಸಪ್ಪೆ ತಾರೀಖು. ಆದರೂ ಆ ಸಪ್ಪೆಯಲ್ಲಿ ಒಂದು ಮಾನ ಇದೆ.

ನವೆಂಬರ್ 9ನ್ನು ಅವರು ಮರೆತಿಲ್ಲ. ಗುಂಟರ್ ಡೆಮ್‌ನಿಗ್ ಎಂಬ ಕಲಾವಿದ 1990ರ ದಶಕದಿಂದ ಒಂದು ಕೆಲಸ ಮಾಡ್ತಾ ಬಂದಿದ್ದಾರೆ. ನಾಜಿಗಳಿಗೆ ಬಲಿಯಾದವರು ಕೊನೆಯದಾಗಿ ವಾಸವಿದ್ದ ಮನೆಯ ಮುಂದೆ, ಫುಟ್‌ಪಾತಿನಲ್ಲಿ, ಹಿತ್ತಾಳೆ ತಗಡು ಹೊದಿಸಿದ ಪುಟ್ಟ ಕಲ್ಲು ಹುದುಗಿಸೋದು. ಹೆಸರು, ಹುಟ್ಟಿದ ವರ್ಷ, ಏನಾದರು ಅನ್ನೋದು ಅದರ ಮೇಲಿರುತ್ತೆ. ಯುರೋಪಿನಾದ್ಯಂತ ಇಂಥ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ. ನವೆಂಬರ್ 9 ಬಂದರೆ ಊರಿನ ಜನ, ಶಾಲೆ ಮಕ್ಕಳು ನೆಲಕ್ಕೆ ಮಂಡಿಯೂರಿ ಆ ಹಿತ್ತಾಳೆಯನ್ನು ಉಜ್ಜಿ ತೊಳೆದು, ಪಕ್ಕದಲ್ಲಿ ಒಂದು ಮೇಣದಬತ್ತಿ ಹಚ್ಚಿಡ್ತಾರೆ. ಅದೇ ಸಂಜೆ ಬರ್ಲಿನ್‌ನಲ್ಲಿ ಗೋಡೆ ಬಿದ್ದದ್ದನ್ನೂ ನೆನೀತಾರೆ. ಎರಡೂ ಒಂದೇ ದಿನ.

ನಮಗೂ ಈ ತಾರೀಖು ಗೊತ್ತು. 2019ರ ನವೆಂಬರ್ 9ಕ್ಕೆ ಸುಪ್ರೀಂ ಕೋರ್ಟ್ ಅಯೋಧ್ಯೆ ತೀರ್ಪು ಕೊಟ್ಟಿತು. ಅದೇ ದಿನ ಕರ್ತಾರ್‌ಪುರ ಕಾರಿಡಾರ್ ತೆರೆಯಿತು. ಸಂಜೆ ಪ್ರಧಾನಿಯವರು ದೇಶವನ್ನು ಉದ್ದೇಶಿಸಿ ಮಾತಾಡುವಾಗ ಬರ್ಲಿನ್ ಗೋಡೆ ಬಿದ್ದದ್ದೂ ಇದೇ ದಿನ ಅಂತ ನೆನಪಿಸಿದರು. ಆವತ್ತು ನಾನು ಓದಿದ ಸುದ್ದಿಯಲ್ಲೂ 1989 ಇತ್ತು, 1938 ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ತಾರೀಖಿನಿಂದ ನಮಗೆ ಬೇಕಾದ ಪುಟವನ್ನಷ್ಟೇ ಹರಿದುಕೊಳ್ಳೋದು ಎಷ್ಟು ಸುಲಭ ನೋಡಿ.

ನಮ್ಮದೇ ಆಗಸ್ಟ್ 15 ತಗೊಳ್ಳಿ. ಜಪಾನ್ ಶರಣಾದ ದಿನದ ಎರಡನೇ ವಾರ್ಷಿಕ ಅಂತ ಮೌಂಟ್‌ಬ್ಯಾಟನ್ ಆರಿಸಿದ ದಿನ ಅದು. ದೆಹಲಿಯಲ್ಲಿ ದೀಪ ಬೆಳಗುತ್ತಿದ್ದವು. ಪಂಜಾಬಿನ, ಬಂಗಾಳದ ಎಷ್ಟೋ ಹಳ್ಳಿಯವರಿಗೆ ತಾವಿರೋದು ಯಾವ ದೇಶದಲ್ಲಿ ಅಂತಲೇ ಗೊತ್ತಿರಲಿಲ್ಲ, ಗಡಿ ರೇಖೆ ಪ್ರಕಟವಾಗಿದ್ದೇ 17ಕ್ಕೆ. ನಮ್ಮ ಬೀದರ್, ಕಲಬುರಗಿ, ರಾಯಚೂರಿನವರು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದರು. ಅವರಿಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಗಾಂಧೀಜಿ ಆವತ್ತು ದೆಹಲಿಯಲ್ಲಿ ಇರಲೇ ಇಲ್ಲ. ಕಲ್ಕತ್ತದ ಬೇಲಿಯಾಘಾಟದ ಒಂದು ಹಳೇ ಮನೆಯಲ್ಲಿ, ಗಲಭೆಯಲ್ಲಿ ನೊಂದವರ ನಡುವೆ, ಉಪವಾಸ ಮಾಡಿ ಚರಕ ತಿರುಗಿಸುತ್ತಾ ಕೂತಿದ್ದರು.

ಹಾಗಂತ ಆಗಸ್ಟ್ 15ಕ್ಕೆ ಹಬ್ಬ ಮಾಡಬಾರದು ಅಂತಲ್ಲ. ಮಾಡೋಣ, ಬಾವುಟ ಹಾರಿಸೋಣ, ಮಕ್ಕಳಿಗೆ ಸಿಹಿ ಹಂಚೋಣ. ಆ ಮಕ್ಕಳು ಗಾಂಧೀಜಿ ಆವತ್ತು ಎಲ್ಲಿದ್ದರು ಅಂತ ಕೇಳಿದರೆ, ಅದನ್ನೂ ಹೇಳೋಣ.